ತಲೆಗೆ 30 ಪೌಂಡ್

ಕೇಳುಗರಿಗೆ ನಮಸ್ಕಾರ.

1781ರಲ್ಲಿ ಜಾಂಗ್ ಅನ್ನೋ ಹಡಗು ಆಫ್ರಿಕಾದಿಂದ ಕೆರಿಬಿಯನ್ ದ್ವೀಪ ಜಮೈಕಾಕ್ಕೆ ಹೊರಟಿತ್ತು. ಮಾಲೀಕರು ಲಿವರ್‌ಪೂಲಿನ ವ್ಯಾಪಾರಿಗಳು. ಒಳಗೆ ಕಿಕ್ಕಿರಿದ ಗುಲಾಮರು. ದಾರಿ ತಪ್ಪಿತು, ಕಾಯಿಲೆ ಹಬ್ಬಿತು. ಕುಡಿಯುವ ನೀರು ಸಾಲದು ಎಂಬ ನೆಪ ಹೇಳಿ ಹಡಗಿನವರು ಸುಮಾರು 130 ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಕಾಯಿಲೆ ಬಿದ್ದು ಸತ್ತರೆ ವಿಮೆ ಸಿಗುತ್ತಿರಲಿಲ್ಲ. ಹಡಗು ಉಳಿಸಲು ಎಸೆದೆವು ಎಂದರೆ ಸಿಗುತ್ತಿತ್ತು. ತಲೆಗೆ 30 ಪೌಂಡ್!

1783ರಲ್ಲಿ ಲಂಡನ್ನಿನ ಕೋರ್ಟಿಗೆ ಬಂದದ್ದು ಕೊಲೆ ಕೇಸಲ್ಲ, ವಿಮೆ ಕೇಸು. ಜ್ಯೂರಿಯ ಲೆಕ್ಕದಲ್ಲಿ ಇದು ಕುದುರೆಗಳನ್ನು ಎಸೆದ ಹಾಗೇ ಇತ್ತು ಎಂದು ನ್ಯಾಯಾಧೀಶರೇ ಹೇಳಿದರು.

ಈಗ ಪ್ರಶ್ನೆ. ಕಪ್ಪು ಜನ ಅಂತ ಅವರನ್ನು ಕುದುರೆಯಂತೆ ಕಂಡರಾ? ಅಥವಾ ಕುದುರೆಯಂತೆ ದುಡಿಸಬೇಕಿತ್ತು, ಅದಕ್ಕೇ ಕಪ್ಪು ಬಣ್ಣ ಕೀಳು ಅಂದರಾ?

ಕೆರಿಬಿಯನ್ ದೇಶ ಟ್ರಿನಿಡಾಡಿನ ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲಿ ಎರಡನೆಯದೇ ನಿಜ ಎಂದು ಬರೆದರು. ಮುಂದೆ ಅದೇ ದೇಶದ ಪ್ರಧಾನಿಯಾದವರು. ಕೆರಿಬಿಯನ್ ದ್ವೀಪಗಳ ತೋಟದ ಸಾಹುಕಾರರು ಕರಾರಿನ ಮೇಲೆ ಇಂಗ್ಲೆಂಡಿನ ಬಡ ಬಿಳಿಯರನ್ನೂ ತಂದು ದುಡಿಸಿದ್ದರು. ಆದರೆ ಕರಾರು ಮುಗಿದರೆ ಅವರು ಹೊರಟುಬಿಡುತ್ತಿದ್ದರು. ಆಫ್ರಿಕಾದವನಾದರೆ ಸಾಯುವ ತನಕ ಬಿಟ್ಟಿ ದುಡಿತ. ಮೊದಲು ಲೆಕ್ಕ, ಆಮೇಲೆ ಬಣ್ಣದ ಕತೆ.

ಅಮೆರಿಕದ ಕಪ್ಪು ಚಿಂತಕ ಡು ಬೊಯಿಸ್ ಇದಕ್ಕೂ ಮೊದಲು, 1935ರಲ್ಲಿ, ಇನ್ನೊಂದು ಸೂಕ್ಷ್ಮ ಹಿಡಿದಿದ್ದರು. ಬಿಳಿ ಕೂಲಿಯಾಳಿಗೆ ಕೈಗೆ ಬರುವ ಸಂಬಳ ಕಮ್ಮಿಯೇ. ಆದರೆ ‘ನಾನು ಬಿಳಿಯ’ ಎಂಬ ಮರ್ಯಾದೆಯೂ ಅವನಿಗೆ ಒಂದು ಬಗೆಯ ಕೂಲಿ. ಅದನ್ನು ಕೊಡಲು ಮಾಲೀಕನ ಜೇಬಿನಿಂದ ಕಾಸು ಹೋಗುವುದಿಲ್ಲ, ನೋಡಿ. ಕಪ್ಪು ಕೂಲಿಯಾಳೂ ಬಿಳಿ ಕೂಲಿಯಾಳೂ ಒಟ್ಟಾಗುವುದೂ ಇಲ್ಲ.

1983ರಲ್ಲಿ ಅಮೆರಿಕದ ಇನ್ನೊಬ್ಬ ಕಪ್ಪು ಚಿಂತಕ ಸೆಡ್ರಿಕ್ ರಾಬಿನ್ಸನ್ ತಕರಾರು ತೆಗೆದರು. ಆಫ್ರಿಕಾದವರನ್ನು ಕೀಳು ಅನ್ನುವ ಮೊದಲೇ ಯೂರೋಪು ತನ್ನವರನ್ನೇ ಮೇಲು ಕೀಳು ಮಾಡಿತ್ತು, ಇಂಗ್ಲಿಷರು ಕೀಳಾಗಿ ಕಂಡ ಬಿಳಿಯರೇ ಆದ ಐರಿಷರನ್ನು ನೋಡಿ, ಬಂಡವಾಳಶಾಹಿ ಹುಟ್ಟಿದ್ದೇ ಆ ಮಣ್ಣಿನಲ್ಲಿ ಎಂದರು. ನನಗೆ ವಿಲಿಯಮ್ಸ್ ಮಾತೇ ಜಾಸ್ತಿ ಹಿಡಿಸುತ್ತದೆ. ಆದರೆ ಐರಿಷರ ಮಾತು ಬಂದಾಗ ಸುಮ್ನಾಗುತ್ತೇನೆ.

ಇನ್ನೊಂದು ಲೆಕ್ಕ ಬಾಕಿ ಇದೆ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಜೊತೆಗೆ 2 ಕೋಟಿ ಪೌಂಡ್ ಪರಿಹಾರ. ಗುಲಾಮರಿಗಲ್ಲ, ಮಾಲೀಕರಿಗೆ! ಅದಕ್ಕಾಗಿ ಸರ್ಕಾರ ಸಾಲ ಎತ್ತಿತು. ಅದು ಪೂರ್ತಿ ತೀರಿದ್ದು 2015ರಲ್ಲಿ. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿದವರಲ್ಲಿ ಆ ಗುಲಾಮರ ಮರಿಮಕ್ಕಳೂ ಇದ್ದರು.