ಬಾರ್ಸಿಲೋನಾ ನೋಡುವ ಮೊದಲು ಒಂದು ದಾರ ಹಿಡಿಯಿರಿ

(ದೃಶ್ಯ: ಎರಡು ಕೈಗಳ ನಡುವೆ ಸಡಿಲವಾಗಿ ಇಳಿಬಿದ್ದ ಮಲ್ಲಿಗೆ ಮಾಲೆ)

ನಮಸ್ಕಾರ. ಮನೆಯಲ್ಲಿ ಒಂದು ದಾರ ಇದ್ದರೆ ತೆಗೆದುಕೊಳ್ಳಿ. ಹೂವಿನ ಮಾಲೆಯಾದರೂ ಸರಿ. ಎರಡೂ ತುದಿ ಹಿಡಿದು ನಡುವೆ ಸಡಿಲ ಬಿಡಿ. ತಾನಾಗಿಯೇ ಒಂದು ಬಾಗು ಬರುತ್ತದೆ ಅಲ್ವಾ? ಅದನ್ನು ಯಾರೂ ಬರೆದಿಲ್ಲ. ಮಾಲೆಯ ಭಾರವೇ ಬರೆದದ್ದು.

ಸ್ಪೇನಿನಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯಲ್ಲಿರುವ ಬಾರ್ಸಿಲೋನಾಕ್ಕೆ ಹೋದರೆ ಇದೇ ಬಾಗು ತಲೆಕೆಳಗಾಗಿ ಸಿಗುತ್ತದೆ. ವಾಸ್ತುಶಿಲ್ಪಿ ಆಂಟೊನಿ ಗೌಡಿ ಕಟ್ಟಿದ ಕಟ್ಟಡಗಳಲ್ಲಿ.

ತಲೆಕೆಳಗು ಯಾಕೆ? ಇಳಿಬಿದ್ದ ದಾರದಲ್ಲಿ ಇರುವುದು ಬರೀ ಎಳೆತ. ಅದೇ ಆಕಾರವನ್ನು ತಿರುಗಿಸಿ ಕಲ್ಲಿನಲ್ಲಿ ಕಟ್ಟಿದರೆ, ಎಳೆತವೆಲ್ಲ ಒತ್ತಡವಾಗುತ್ತದೆ. ಕಲ್ಲು, ಇಟ್ಟಿಗೆ ಎಳೆದರೆ ಬಿರುಕು ಬಿಡುತ್ತವೆ. ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತವೆ. ಹಾಗಾಗಿ ಆ ಆಕಾರದ ಕಮಾನು ತೆಳುವಾಗಿದ್ದರೂ ಭಾರ ಹೊರುತ್ತದೆ.

(ದೃಶ್ಯ: ಛಾವಣಿಯಿಂದ ಇಳಿಬಿದ್ದ ದಾರಗಳು, ಪುಟ್ಟ ಚೀಲಗಳು)

ನಗರದ ಹೊರಗೆ ಕೊಲೋನಿಯಾ ಗ್ವೆಲ್ ಅಂತ ಒಂದು ಜಾಗವಿದೆ. ಬಟ್ಟೆ ಗಿರಣಿಯ ಕೆಲಸಗಾರರಿಗಾಗಿ ಕಟ್ಟಿದ ಊರು. ಅಲ್ಲಿನ ಚರ್ಚಿಗಾಗಿ ಗೌಡಿ ಕಾಗದದಲ್ಲಿ ಲೆಕ್ಕ ಹಾಕುತ್ತಾ ಕೂರಲಿಲ್ಲ. ದಾರಗಳನ್ನು ಇಳಿಬಿಟ್ಟರು. ಎಲ್ಲಿ ಎಷ್ಟು ಭಾರ ಬೀಳುತ್ತದೋ ಅಲ್ಲಿ ಅದಕ್ಕೆ ತಕ್ಕ ತೂಕದ ಪುಟ್ಟ ಚೀಲ ಕಟ್ಟಿದರು. ಚೀಲದೊಳಗೆ ಸೀಸದ ಗುಂಡುಗಳು. ಒಂದು ಚೀಲ ಬದಲಿಸಿದರೆ ಇಡೀ ಬಲೆಯ ಆಕಾರ ಬದಲಾಗುತ್ತಿತ್ತು. ಕೊನೆಗೆ ಫೋಟೊ ತೆಗೆದು ತಲೆಕೆಳಗೆ ಹಿಡಿದರೆ, ಅದೇ ಚರ್ಚು! ಈ ಕೆಲಸಕ್ಕೆ ಸುಮಾರು 10 ವರ್ಷ ಹಿಡಿಯಿತು. ಕಟ್ಟಿದ್ದು ಮಾತ್ರ ಕೆಳಗಿನ ಭಾಗ. 1914ರಲ್ಲಿ ಕೆಲಸ ನಿಂತಿತು. ಪ್ಲಾಸಾ ಎಸ್ಪಾನ್ಯಾದಿಂದ ರೈಲಿದೆ, ಅರ್ಧ ದಿನ ಇಟ್ಟುಕೊಂಡು ಹೋಗಿಬನ್ನಿ. ಬಾರ್ಸಿಲೋನಾಕ್ಕೆ ಹೋದ ಬಹಳ ಜನ ಇದನ್ನು ನೋಡದೆ ಬರುತ್ತಾರೆ. ನನಗೆ ಅದು ನಿಜಕ್ಕೂ ಬೇಸರ.

ಅಲ್ಲಿ ಕಲಿತದ್ದೆಲ್ಲ ಬಾರ್ಸಿಲೋನಾ ನಗರದೊಳಗಿನ ದೊಡ್ಡ ಚರ್ಚು ಸಗ್ರಾದಾ ಫಮೀಲಿಯಾಕ್ಕೆ ಬಂತು.

(ದೃಶ್ಯ: ಚರ್ಚಿನ ಒಳಗೆ, ಕ್ಯಾಮೆರಾ ಮೇಲಕ್ಕೆ)

ಈ ಚರ್ಚಿನ ಕೆಲಸ ಶುರುವಾದದ್ದು 1882ರಲ್ಲಿ, ಬೇರೆ ವಾಸ್ತುಶಿಲ್ಪಿಯಿಂದ. ಮರುವರ್ಷವೇ ಗೌಡಿ ಕೈಗೆ ಬಂತು. ಆಗ ಅವರಿಗೆ 31 ವರ್ಷ. ಯುರೋಪಿನ ಹಳೆಯ ದೊಡ್ಡ ಚರ್ಚುಗಳಿಗೆ ಹೊರಗಿನಿಂದ ಕಲ್ಲಿನ ಆಸರೆ ಇರುತ್ತದೆ. ಗೌಡಿ ಅವನ್ನು ಊರುಗೋಲು ಎನ್ನುತ್ತಿದ್ದರು. ಇಲ್ಲಿ ಆ ಊರುಗೋಲು ಬೇಕಿಲ್ಲ. ಕಂಬಗಳೇ ಸ್ವಲ್ಪ ವಾಲಿವೆ. ಮೇಲೆ ಹೋದಂತೆ ಮರದ ಹಾಗೆ ಕವಲೊಡೆದು ಛಾವಣಿಯನ್ನು ಹೊರುತ್ತವೆ. ಗೋಡೆಯ ಮೇಲೆ ಭಾರ ಕಡಿಮೆ, ಅದಕ್ಕೇ ಅಷ್ಟೊಂದು ಕಿಟಕಿ. ಬೆಳಿಗ್ಗೆ ಹೋದರೆ ನೀಲಿ, ಹಸಿರು ಬೆಳಕು. ಮಧ್ಯಾಹ್ನದ ಮೇಲೆ ಎದುರು ಬದಿಯಿಂದ ಕಿತ್ತಳೆ, ಕೆಂಪು. ಆಯ್ಕೆ ಮಾಡಬೇಕಿದ್ದರೆ ನಾನು ಸಂಜೆಯನ್ನೇ ಹೇಳುತ್ತೇನೆ. ಟಿಕೆಟ್ ಮಾತ್ರ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ.

1926ರ ಜೂನಿನಲ್ಲಿ ಗೌಡಿಗೆ ಟ್ರಾಮ್ ಬಡಿಯಿತು. ಹಳೆಯ ಬಟ್ಟೆ ನೋಡಿ ಯಾರೋ ಭಿಕ್ಷುಕ ಅಂದುಕೊಂಡರು. ಮೂರು ದಿನಕ್ಕೆ ತೀರಿಕೊಂಡರು. ಸಮಾಧಿ ಈ ಚರ್ಚಿನ ನೆಲಮಾಳಿಗೆಯಲ್ಲೇ ಇದೆ. ಹತ್ತು ವರ್ಷದ ನಂತರ ಅಂತರ್ಯುದ್ಧದಲ್ಲಿ ಅವರ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು, ಪ್ಲಾಸ್ಟರ್ ಮಾದರಿಗಳು ಚೂರಾದವು. ಆ ಚೂರುಗಳನ್ನು ಆಯ್ದು, ಜೋಡಿಸಿ, ಮುಂದಿನವರು ಕೆಲಸ ಮುಂದುವರಿಸಿದರು. ಅದೂ ಜನರ ಕಾಣಿಕೆಯಲ್ಲಿ, ಟಿಕೆಟ್ ಹಣದಲ್ಲಿ. ನಡುವಿನ ಗೋಪುರಕ್ಕೆ ಗೊತ್ತುಮಾಡಿದ ಎತ್ತರ 172.5 ಮೀಟರ್. ಪಕ್ಕದ ಮೊಂಜುಯಿಕ್ ಬೆಟ್ಟಕ್ಕಿಂತ ಸ್ವಲ್ಪ ತಗ್ಗು. ದೇವರು ಮಾಡಿದ ಬೆಟ್ಟವನ್ನು ಮನುಷ್ಯನ ಕೆಲಸ ಮೀರಬಾರದು ಅನ್ನುವುದು ಗೌಡಿಯವರ ನಂಬಿಕೆ.

ಗೌಡಿಯದೇ ಉದ್ಯಾನ ಪಾರ್ಕ್ ಗ್ವೆಲ್‌ಗೆ ಹೋದರೆ ಬಣ್ಣದ ಹಂಚಿನ ಚೂರುಗಳ ಬೆಂಚಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಿ, ಆಮೇಲೆ ಕೆಳಗಿಳಿದು ಕಂಬಗಳನ್ನೂ ನೋಡಿ. ಮೇಲಿನ ಅಂಗಳದ ಮಳೆನೀರು ಆ ಕಂಬಗಳ ಒಳಗಿನಿಂದಲೇ ಇಳಿದು ತೊಟ್ಟಿ ಸೇರುತ್ತದೆ.

(ದೃಶ್ಯ: ಇಟ್ಟಿಗೆ ಕಮಾನುಗಳ ಸಾಲು)

ಕೊನೆಗೆ ಕಾಸಾ ಮಿಲಾ, ಗೌಡಿ ಕಟ್ಟಿದ ವಸತಿ ಕಟ್ಟಡ. ಎಲ್ಲರೂ ಸೀದಾ ತಾರಸಿಗೆ ಓಡುತ್ತಾರೆ. ನೀವು ಅದರ ಕೆಳಗಿನ ಅಟ್ಟದಲ್ಲಿ ನಿಲ್ಲಿ. 270 ಇಟ್ಟಿಗೆ ಕಮಾನುಗಳು. ಒಂದು ಎತ್ತರ, ಒಂದು ತಗ್ಗು, ಅದಕ್ಕೇ ಮೇಲಿನ ತಾರಸಿಯೂ ಏರಿಳಿಯುತ್ತದೆ. ಮೊದಲು ಈ ಮನೆಯವರು ಬಟ್ಟೆ ಒಗೆದು ಒಣಗಿಸುತ್ತಿದ್ದ ಜಾಗ ಇದು. ಈಗ ಇಲ್ಲಿ ಸರಪಳಿಗಳ ಒಂದು ಮಾದರಿ ತೂಗುಬಿಟ್ಟು, ಕೆಳಗೆ ಕನ್ನಡಿ ಇಟ್ಟಿದ್ದಾರೆ. ಮೊದಲು ಬಗ್ಗಿ ಕನ್ನಡಿಯೊಳಗೆ ನೋಡಿ. ಆಮೇಲೆ ನಿಧಾನವಾಗಿ ತಲೆ ಎತ್ತಿ ಛಾವಣಿ ನೋಡಿ.