ಹಳೇ ಬೇಸ್ ಬಾಕ್ಸ್ ಗುರ್ ಅಂದ್ರೆ ಸ್ಪೀಕರ್ ಬದಲಿಸೋಕೆ ಹೋಗ್ಬೇಡಿ, ಮೊದಲು ಬಾಕ್ಸ್ ನೋಡಿ

ದೃಶ್ಯ: ಹೆಂಚಿನ ಮನೆಯ ಜಗಲಿ, ಹೊರಗೆ ಜಡಿಮಳೆ. ಗೋಡೆ ಬದಿಗೆ ಕಪ್ಪು ರೆಕ್ಸಿನ್ ಹೊದಿಸಿದ ದೊಡ್ಡ ಬಾಕ್ಸ್. ಬೇಸ್ ಗಿಟಾರಿನ ಒಂದೇ ಸ್ವರ ಕೇಳಿಸುತ್ತದೆ.

ಈ ಸದ್ದು ಕೇಳಿ. ಬೇಸ್ ಗಿಟಾರಿನ ಎ ತಂತಿ, ಬೆರಳು ಒತ್ತದೆ ಮೀಟಿದ್ದು, 55 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 55 ಸಲ ಕಂಪನ. ಸ್ವರದ ಬೆನ್ನಿಗೇ ಒಂದು ‘ಗುರ್’ ಬರ್ತಾ ಇದೆ ಅಲ್ವಾ? ಕಳೆದ ವರ್ಷ ಇಡೀ ಮಳೆಗಾಲ ಇದು ನನ್ನ ನಿದ್ದೆ ಕೆಡಿಸಿತ್ತು. ಇದು ಹಳೇ ರೆಕಾರ್ಡಿಂಗ್, ಆಗಲೇ ಮಾಡಿಟ್ಟುಕೊಂಡಿದ್ದು.

ನಮಸ್ಕಾರ. ನಾನಿರೋದು ಶಿವಮೊಗ್ಗ, ಅಭ್ಯಾಸಕ್ಕೆ ಮಾತ್ರ ತೀರ್ಥಹಳ್ಳಿ ಹತ್ತಿರ ನಮ್ಮ ಮಾವನ ಮನೆಗೆ ಬರ್ತೀನಿ. ಸುತ್ತ ಅಡಿಕೆ ತೋಟ, ಎಷ್ಟು ಜೋರಾಗಿ ನುಡಿಸಿದ್ರೂ ಯಾರಿಗೂ ತೊಂದರೆ ಇಲ್ಲ. ಈ ಬಾಕ್ಸ್ ಸಾಗರದ ಕಡೆಯ ಒಂದು ಆರ್ಕೆಸ್ಟ್ರಾದವರದ್ದು. ಗಣಪತಿ ಹಬ್ಬದ ಕಾರ್ಯಕ್ರಮ ಕೊಡ್ತಿದ್ದ ತಂಡ, ಈಗ ನಿಲ್ಲಿಸಿದ್ದಾರೆ. ಹತ್ತಾರು ವರ್ಷ ಅಡಿಕೆ ಚೀಲದ ಪಕ್ಕ ಬಿದ್ದಿತ್ತು. ಪ್ಲೈವುಡ್ ಬಾಕ್ಸ್, ಒಳಗೆ ಒಂದೇ ಒಂದು 15 ಇಂಚಿನ ಸ್ಪೀಕರ್. ಕಂಪನಿ ಹೆಸರಿನ ಪಟ್ಟಿ ಎಂದೋ ಉದುರಿಹೋಗಿದೆ.

ದೃಶ್ಯ: ಹತ್ತಿರದಿಂದ, ಸ್ಪೀಕರಿನ ಕಬ್ಬಿಣದ ಚೌಕಟ್ಟು. ಟಾರ್ಚ್ ಬೆಳಕಿನಲ್ಲಿ ಮಾಸಿದ ಅಂಕಿಗಳು.

ಹೆಸರು ಇಲ್ಲದಿದ್ರೂ ವಯಸ್ಸು ತಿಳೀಬಹುದು, ನೋಡಿ. ಚೌಕಟ್ಟಿನ ಮೇಲೆ 67-8012 ಅಂತ ಒತ್ತಿದ್ದಾರೆ. ಅಮೆರಿಕದ ಸ್ಪೀಕರ್ ತಯಾರಕರು ಒಬ್ಬೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇತ್ತು: 67 ಅಂದ್ರೆ ಎಮಿನೆನ್ಸ್, 137 ಸಿಟಿಎಸ್, 220 ಜೆನ್ಸನ್. ಆಮೇಲಿನ ಎರಡು ಅಂಕಿ ವರ್ಷ, ಕೊನೇ ಎರಡು ಅಂಕಿ ವಾರ. 1980ರ ಹನ್ನೆರಡನೇ ವಾರ, ಅಂದ್ರೆ ಮಾರ್ಚ್ ತಿಂಗಳು. ಕೆಲವು ಸ್ಪೀಕರುಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುತ್ತೆ, ಆಗ ಯಾವ ದಶಕ ಅನ್ನೋದನ್ನ ಉಳಿದ ಲಕ್ಷಣ ನೋಡಿ ಊಹಿಸಬೇಕು. ಈ ಅಂಕಿ ಸ್ಪೀಕರಿನ ಹುಟ್ಟಿದ ದಿನ, ಬಾಕ್ಸಿನದ್ದಲ್ಲ. ಹಳೇ ಬಾಕ್ಸಿಗೆ ಆಮೇಲೆ ಬೇರೆ ಸ್ಪೀಕರ್ ಕೂರಿಸಿರೋದು ಬೇಕಾದಷ್ಟಿದೆ.

ಈಗ ಗುರ್ ವಿಷಯಕ್ಕೆ ಬರೋಣ. ರಿಪೇರಿಯವರೊಬ್ಬರ ಹತ್ತಿರ ತಗೊಂಡು ಹೋದೆ. ಹಿಂದಿನ ಹಲಗೆ ಬಿಚ್ಚಲೂ ಇಲ್ಲ, ಒಂದು ಸಲ ಕೇಳಿ, “ಕೋನ್ ಹೋಗಿದೆ, ಹೊಸದು ಹಾಕಿಸಿ” ಅಂದ್ರು. ಕೋನ್ ಅಂದ್ರೆ ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲುಗಿ ಸದ್ದು ಹುಟ್ಟಿಸೋ ಲಾಳಿಕೆಯಂಥ ಭಾಗ. ನಾನೂ ಹೂಂ ಅನ್ನೋದರಲ್ಲಿದ್ದೆ. ನಾಲ್ಕು ದಶಕ ಉಳಿದು ಬಂದ ಕಾಗದದ ಕೋನ್, ಕಿತ್ತು ಬಿಸಾಕಿದ್ರೆ ಆ ದನಿ ವಾಪಸ್ ಬರಲ್ಲ. ಮನಸ್ಸು ಒಪ್ಪಲಿಲ್ಲ, ಹೊತ್ತುಕೊಂಡು ವಾಪಸ್ ಬಂದೆ.

ದೃಶ್ಯ: ಎರಡೂ ಕೈಯ ಬೆರಳುಗಳು ಕೋನಿನ ಮೇಲೆ.

ಕೋನ್ ಹಾಳಾಗಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. ಸ್ಪೀಕರನ್ನ ಬಾಕ್ಸಿಂದ ಹೊರಗೆ ತೆಗೆದು, ನಡುವಿನ ಗುಬುಟಿನ ಸುತ್ತ ಬೆರಳುಗಳನ್ನ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ. ‘ಚರ್’ ಅಂತ ಉಜ್ಜಿದ ಸದ್ದು ಬಂದ್ರೆ ಒಳಗಿನ ತಂತಿಸುರುಳಿ ಮ್ಯಾಗ್ನೆಟ್ಟಿಗೆ ತಾಗ್ತಿದೆ. ನನ್ನದು ರೇಷ್ಮೆ ಹಾಗೆ ಹೋಗಿ ಬಂತು. ಮಲ್ಟಿಮೀಟರ್ ಇಟ್ಟು ವಿದ್ಯುತ್ ತಡೆ ಅಳೆದೆ, 6 ಓಮ್ ಚಿಲ್ಲರೆ ತೋರಿಸ್ತು. 8 ಓಮ್ ಅಂತ ಬರೆದ ಸ್ಪೀಕರ್ ಮೀಟರಿನಲ್ಲಿ ಅಷ್ಟೇ ತೋರಿಸೋದು, ಗಾಬರಿ ಬೇಡ. ಏನೂ ತೋರಿಸದಿದ್ರೆ ಸುರುಳಿ ಸುಟ್ಟಿದೆ, ಇಲ್ಲಾ ತಂತಿ ಕಡಿದಿದೆ ಅಂತ ಅರ್ಥ.

ಹಾಗಾದ್ರೆ ಗುರ್ ಎಲ್ಲಿಂದ? ಮಾವ ಒಂದು ಮಾತು ಹೇಳಿದ್ರು: “ಅಂಗಳಕ್ಕೆ ತಗೊಂಡು ಹೋಗಿ ನುಡಿಸು ನೋಡುವ.” ಮಳೆ ಸ್ವಲ್ಪ ಹೊಳವಾದ ಹೊತ್ತಲ್ಲಿ ಇಬ್ಬರೂ ಎತ್ತಿ ಹೊರಗಿಟ್ಟೆವು. ಅರ್ಧ ಗುರ್ ಅಲ್ಲೇ ಮಾಯ! ಅದು ಕಿಟಕಿ ಗಾಜು ಮತ್ತೆ ಒಳಗೆ ನಾಗಂದಿಗೆ ಮೇಲೆ ಸಾಲಾಗಿ ಇಟ್ಟಿದ್ದ ಹಿತ್ತಾಳೆ ಪಾತ್ರೆಗಳ ಸದ್ದು. ಒಂದೊಂದು ವಸ್ತುವಿಗೂ ಅದರದ್ದೇ ಒಂದು ಸ್ವರ ಇರುತ್ತೆ, ಆ ಸ್ವರ ಬಿದ್ದಾಗ ಅದೂ ನಡುಗುತ್ತೆ. ಎ ತಂತಿಗೆ ಮಾತ್ರ ಗುರ್ ಬಂದು ಬೇರೆ ತಂತಿಗೆ ಬರದೇ ಇದ್ದದ್ದು ಅದಕ್ಕೇ.

ಉಳಿದ ಅರ್ಧ ಬಾಕ್ಸಿನದ್ದೇ. ಆಗ ತೆಗೆದಿಟ್ಟ ವಿಡಿಯೊ ತೋರಿಸ್ತೀನಿ ನೋಡಿ.

ದೃಶ್ಯ: ಹತ್ತಿರದಿಂದ, ಬಾಕ್ಸಿನ ಹಿಂಭಾಗ. ಉರಿಯುತ್ತಿರುವ ಊದುಬತ್ತಿ ಹಲಗೆಯ ಅಂಚಿನುದ್ದಕ್ಕೂ ನಿಧಾನವಾಗಿ ಸರಿಯುತ್ತದೆ. ಕೆಳಗಿನ ಎಡ ಮೂಲೆಯಲ್ಲಿ ಹೊಗೆ ಫಕ್ಕನೆ ಅದುರುತ್ತದೆ.

ಹೊಗೆ ಇಲ್ಲಿವರೆಗೆ ನೆಟ್ಟಗೆ ಮೇಲೆ ಹೋಗ್ತಿತ್ತು. ಈ ಮೂಲೆಗೆ ಬಂದ ಕೂಡಲೇ ಸ್ವರದ ಜೊತೆಗೇ ಅಲುಗಿತು. ಗಾಳಿ ಸೋರ್ತಿರೋದು ಇಲ್ಲೇ. ಕೇಬಲ್ ಚುಚ್ಚೋ ಜ್ಯಾಕ್ ಪ್ಲೇಟಿನ ಹತ್ತಿರವೂ ಹೀಗೇ ಆಯ್ತು.

ಗಾಳಿ ಸೋರಿದ್ರೆ ಏನಾಗುತ್ತೆ ಅಂದ್ರೆ: ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತೆ, ಹಿಂದಿನ ಗಾಳಿ ಸಡಿಲ ಆಗುತ್ತೆ. ಎರಡೂ ಒಂದಕ್ಕೊಂದು ವಿರುದ್ಧ, ಸೇರಿದ್ರೆ ಎರಡೂ ಅಳಿಸಿಹೋಗ್ತವೆ. ಬೇಸಿನ ಅಲೆ ಬಹಳ ಉದ್ದ, ಇ ತಂತಿಯ 41 ಹರ್ಟ್ಸಿಗೆ 8 ಮೀಟರಿಗೂ ಹೆಚ್ಚು. ಅಷ್ಟುದ್ದದ ಅಲೆ ಸ್ಪೀಕರನ್ನ ಸುಲಭವಾಗಿ ಸುತ್ತಿ ಬರುತ್ತೆ. ಅದನ್ನ ತಡೆಯೋದಕ್ಕೇ ಬಾಕ್ಸ್. ನನ್ನದು ಪೂರ್ತಿ ಮುಚ್ಚಿದ ಬಾಕ್ಸ್, ಇದರೊಳಗಿನ ಗಾಳಿ ಕೋನಿಗೆ ಸ್ಪ್ರಿಂಗ್ ಇದ್ದ ಹಾಗೆ. ಸೋರಿದ್ರೆ ಸ್ಪ್ರಿಂಗ್ ಸಡಿಲ, ಕೋನ್ ಹಿಡಿತ ತಪ್ಪಿ ಜಾಸ್ತಿ ಓಡಾಡುತ್ತೆ. ಬಾಕ್ಸ್ ಅಂದ್ರೆ ಬರೀ ಮರದ ಹೊದಿಕೆ ಅಲ್ಲ, ಅದೂ ಸ್ಪೀಕರಿನ ಅರ್ಧ. ಎದುರಿನ ಹಲಗೆಗೆ ತೂತು ಕೊರೆದು ಕೊಳವೆ ಕೂರಿಸಿದ ಬಾಕ್ಸುಗಳೂ ಇವೆ. ಅಲ್ಲಿ ಆ ತೂತಿಂದ ಗಾಳಿ ಬರೋದು ಸರಿ, ಬೇರೆ ಕಡೆಯಿಂದ ಬರಬಾರದು.

ನಮ್ಮೂರ ಆಚಾರ್ರನ್ನ ಕರೆದೆ. ಬೆರಳಿನ ಗೆಣ್ಣಿಂದ ಮೂಲೆ ಮೂಲೆ ತಟ್ಟಿ ನೋಡಿ, “ತಮ್ಮಾ, ಮರ ಗಟ್ಟಿ ಇದೆ. ತೇವಕ್ಕೆ ಅಂಟು ಬಿಟ್ಟಿದೆ ಅಷ್ಟೆ. ಮಳೆ ಹೋಗಲಿ, ಈಗ ಹಚ್ಚಿದ್ರೆ ಹಿಡಿಯಲ್ಲ” ಅಂದ್ರು. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಬಂದ್ರು. ಕೀಲಿಗೆ ಫೆವಿಕಾಲ್ ತುಂಬಿ, ಕ್ಲ್ಯಾಂಪ್ ಹಾಕಿ ಎರಡು ದಿನ ಬಿಟ್ಟೆವು. ಜ್ಯಾಕ್ ಪ್ಲೇಟಿನ ಅಡಿಗೆ ಹಳೇ ಸೈಕಲ್ ಟ್ಯೂಬನ್ನ ಅಳತೆಗೆ ಕತ್ತರಿಸಿ ಕೂರಿಸಿದೆ. ಜ್ಯಾಕಿನ ತೂತೊಳಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು, ಅದನ್ನೂ ಕೆದಕಿ ತೆಗೆದೆ. ತಿರುಪುಗಳನ್ನ ಒಂದೇ ಸಲ ಬಿಗಿ ಮಾಡಬೇಡಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗೀತಾ ಬನ್ನಿ. ವಾಪಸ್ ಕೂರಿಸುವಾಗ ಸ್ಪೀಕರನ್ನ ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಇಷ್ಟು ವರ್ಷ ಒಂದೇ ಭಂಗಿಯಲ್ಲಿ ನಿಂತ ಕೋನ್ ತನ್ನ ಭಾರಕ್ಕೆ ತಾನೇ ಚೂರು ಕೆಳಗೆ ಜೋತಿರುತ್ತೆ, ಹೀಗೆ ಮಾಡಿದ್ರೆ ಇನ್ನೊಂದು ಕಡೆಗೆ ಸರಿಯುತ್ತೆ.

ದೃಶ್ಯ: ಎರಡು ಕೇಬಲ್ಲುಗಳು ಪಕ್ಕಪಕ್ಕ, ಒಂದರ ಸಿಪ್ಪೆ ಸುಲಿದು ಒಳಗಿನ ತೆಳು ತಂತಿ ಕಾಣುವಂತೆ.

ಬಳಸುವಾಗಿನ ಮಾತು ಎರಡೇ, ಆದ್ರೆ ಎರಡೂ ಮುಖ್ಯ. ಗಿಟಾರ್ ಕೇಬಲನ್ನ ಬಾಕ್ಸಿಗೆ ಚುಚ್ಚಬೇಡಿ. ಗಿಟಾರ್ ಕೇಬಲ್, ಸ್ಪೀಕರ್ ಕೇಬಲ್ ಎರಡಕ್ಕೂ ತುದಿಯ ಪಿನ್ ಒಂದೇ, ಆದ್ರೆ ಗಿಟಾರ್ ಕೇಬಲಿನ ಒಳಗಿನ ತಂತಿ ಕೂದಲಿನಷ್ಟು ಸಪೂರ, ಬಿಸಿಯಾಗುತ್ತೆ. ಬಾಕ್ಸಿಗೆ ಸದ್ದು ಕೊಡೋ ಆಂಪ್ಲಿಫೈಯರ್ (ಆಂಪ್) ಗಾಜಿನ ವಾಲ್ವ್ ಇರೋ ಹಳೇ ಥರದ್ದಾದ್ರಂತೂ ಬಾಕ್ಸ್ ಜೋಡಿಸದೆ ನುಡಿಸಲೇಬೇಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ಹೋಗುತ್ತೆ.

ಎರಡನೇದು ವಾಲ್ಯೂಮ್. ಹೊಸ ಆಂಪುಗಳು ಎರಡು ಮೂರು ಕೆಜಿ ತೂಕದಲ್ಲಿ 500 ವಾಟ್ ಕೊಡ್ತವೆ, ಹಳೇ ಸ್ಪೀಕರ್ ಅದಕ್ಕೆ ಹುಟ್ಟಿದ್ದಲ್ಲ. ಅದಕ್ಕಿಂತ ದೊಡ್ಡ ಅಪಾಯ ಕೆಳಗಿನ ಸ್ವರ. ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಂದ್ರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಐದು ತಂತಿಯ ಬೇಸಿನ ಬಿ ತಂತಿ 31 ಹರ್ಟ್ಸಿನ ಆಸುಪಾಸು, ಅದನ್ನ ಇದರಲ್ಲಿ ಜೋರಾಗಿ ನುಡಿಸೋದನ್ನ ನಾನು ಬಿಟ್ಟಿದ್ದೀನಿ. ಆಂಪಿನಲ್ಲಿ ಬೇಸ್ ಗುಂಡಿ ಏರಿಸೋ ಬದಲು ಬಾಕ್ಸನ್ನ ಗೋಡೆ ಮೂಲೆಗೆ ಸರಿಸಿ ನೋಡಿ. ಅಷ್ಟೇ ವಾಟಿಗೆ ಕೆಳಗಿನ ಸ್ವರ ತುಂಬಿ ಬರುತ್ತೆ.

ದೃಶ್ಯ: ನೆಲದ ಮೇಲೆ ಎರಡು ಮರದ ರೀಪು, ಅದರ ಮೇಲೆ ಬಾಕ್ಸ್, ಮೇಲೆ ಹಳೇ ಕಾಟನ್ ಸೀರೆ.

ಇನ್ನು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಸುರಿಯೋ ಸೀಮೆ ನಮ್ಮದು. ಬಾಕ್ಸ್ ನೆಲಕ್ಕೆ ತಾಗದ ಹಾಗೆ ರೀಪಿನ ಮೇಲೆ, ನುಡಿಸದೇ ಇದ್ದಾಗ ಗೋಡೆಯಿಂದ ಒಂದು ಗೇಣು ದೂರ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವೆತು ಬೂಷ್ಟು ಹಿಡಿಯುತ್ತೆ. ಹತ್ತಿ ಬಟ್ಟೆ ಸಾಕು. ಬೆಚ್ಚಗಿರುತ್ತೆ ಅಂತ ಬಚ್ಚಲೊಲೆ ಪಕ್ಕ ಇಡೋದೂ ಬೇಡ, ಕಾಗದದ ಕೋನಿಗೆ ಹೊಗೆ ಮಸಿ ಕೂತ್ರೆ ಹೋಗಲ್ಲ. ವಾರಕ್ಕೊಮ್ಮೆಯಾದ್ರೂ ಅರ್ಧ ಗಂಟೆ ನುಡಿಸಿ.

ಈಗ ಅದೇ ಎ ತಂತಿ, ಅದೇ ಮನೆ. ಹಿತ್ತಾಳೆ ಪಾತ್ರೆಗಳ ನಡುವೆ ಅತ್ತೆ ಬಟ್ಟೆ ತುಂಡು ಇಟ್ಟಿದ್ದಾರೆ. ಆಮೇಲೆ ಇ ತಂತಿಯನ್ನೂ ನುಡಿಸ್ತೀನಿ. ಹೆಡ್‌ಫೋನ್ ಹಾಕ್ಕೊಳ್ಳಿ, ಮೊಬೈಲಿನ ಸ್ಪೀಕರಿಗೆ 41 ಹರ್ಟ್ಸ್ ನಿಲುಕಲ್ಲ.

ದೃಶ್ಯ: ಊದುಬತ್ತಿಯ ಹೊಗೆ ಬಾಕ್ಸಿನ ಮೂಲೆಯಲ್ಲಿ ನೆಟ್ಟಗೆ ಮೇಲೇರುತ್ತದೆ. ಎ ತಂತಿ, ಆಮೇಲೆ ಇ ತಂತಿ.