ಲೇಬಲ್ ಬರೆದವರ ಹೆಸರು ಹಾಕಿ

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಗುಳೇದಗುಡ್ಡದ ಖಣದ, ಅಂದರೆ ರವಿಕೆ ಬಟ್ಟೆಯ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಊಟ ಮುಗಿಸಿ ಫೋನ್ ಹಿಡಿದರೆ, ಹಿಂದಿನ ವಿಡಿಯೋದ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಅಕ್ಕಾರ, ಇಂಟರ್ನ್ ಅಂದ್ರ ಕಲಿಯಾಕ ಹೋಗೂದು. ನಾಕು ಸಾಲು ಬರದು ನನ್ನ ಹೆಸರು ಹಾಕ್ರಿ ಅಂದ್ರ ಹೆಂಗ್ರಿ? ಅದೇನ್ ನಿಮ್ಮ ಮನಿ ಗ್ವಾಡಿ ಏನು?" ಅದಕ್ಕೆ ಅರವತ್ತು ಲೈಕ್ ಬೇರೆ.

ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಈ ಸ್ಕ್ರಿಪ್ಟ್ ಬರೆದೆ.

ಹಿಂದಿನ ವಿಡಿಯೋ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ನಾನು ಎಂ.ಎ. ಮುಗಿಸಿದ ಮೇಲೆ ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಕಲಾ ಸಂಸ್ಥೆಯಲ್ಲಿ ನಾಲ್ಕು ತಿಂಗಳು ಇಂಟರ್ನ್ ಆಗಿದ್ದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಕಾಮೆಂಟಿನಲ್ಲಿ ಊಹೆ ಮಾಡಬೇಡಿ, ಮಾಡಿದರೆ ಡಿಲೀಟ್ ಮಾಡುತ್ತೇನೆ. ಅಲ್ಲಿ ಒಳ್ಳೆಯವರು ಇದ್ದಾರೆ, ನನಗೆ ಕೆಲಸ ಕಲಿಸಿದವರು ಇದ್ದಾರೆ. ನನ್ನ ಮಾತು ಒಂದೇ. ಪ್ರದರ್ಶನದಲ್ಲಿ ಇಟ್ಟ ವಸ್ತುವಿನ ಪಕ್ಕ, ಗೋಡೆಯ ಮೇಲೆ ಅದರ ವಿವರ ಹೇಳುವ ಲೇಬಲ್ ಇದೆ ಅಂದರೆ ಅದನ್ನು ಯಾರೋ ಬರೆದಿದ್ದಾರೆ. ಆ ಬರೆದವರ ಹೆಸರು ಹಾಕಿ.

ಇಂಟರ್ನ್ ಅಂದರೆ ಚಹಾ ತರುವುದು, ಫೋಟೋ ತೆಗೆಯುವುದು ಅಂದುಕೊಂಡವರು ಬಹಳ ಜನ. ನನ್ನ ಮೊದಲ ಒಂದೂವರೆ ತಿಂಗಳು ರಿಜಿಸ್ಟರ್ ಮುಂದೆಯೇ ಹೋಯಿತು. ಒಂದು ವಸ್ತು ಬಂದರೆ ಅದಕ್ಕೊಂದು ನಂಬರ್ ಕೊಡಬೇಕು. ಅಳತೆ ತೆಗೆಯಬೇಕು. ಎಲ್ಲಿ ಹರಿದಿದೆ, ಎಲ್ಲಿ ಬಣ್ಣ ಹೋಗಿದೆ, ಎಲ್ಲಿ ಹುಳು ತಿಂದಿದೆ, ಎಲ್ಲಾ ಬರೆಯಬೇಕು. ಸೀರೆಯ ಮೇಲೆ ಪೆನ್ನಿನಿಂದ ನಂಬರ್ ಬರೆಯುವ ಹಾಗಿಲ್ಲ. ಹತ್ತಿ ಟೇಪಿನ ಸಣ್ಣ ತುಂಡಿನ ಮೇಲೆ ಬರೆದು, ಆ ತುಂಡನ್ನು ಸೀರೆಯ ಮೂಲೆಗೆ ಸಡಿಲವಾಗಿ ಎರಡು ಹೊಲಿಗೆ ಹಾಕಿ ಕೂರಿಸಬೇಕು. ಮಡಿಕೆಯನ್ನು ಆಗಾಗ ಬದಲಾಯಿಸಬೇಕು, ಇಲ್ಲವಾದರೆ ಒಂದೇ ಗೆರೆಯಲ್ಲಿ ಎಳೆ ಮುರಿಯುತ್ತದೆ. ಲೈಟ್ ಕೂಡ ಲೆಕ್ಕದಲ್ಲಿರಬೇಕು. ಹಳೆ ಬಟ್ಟೆಗೆ ಬೆಳಕು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದಾಟಬಾರದು ಅಂತ ಅಲ್ಲಿಯೇ ಕಲಿತೆ. ಇದೆಲ್ಲ ಕಲಿಕೆ, ಒಪ್ಪುತ್ತೇನೆ. ಸಂತೋಷದಿಂದ ಕಲಿತೆ. ಸೀರೆ ಮಡಚಿದ್ದಕ್ಕೆ ಹೆಸರು ಹಾಕಿ ಅಂತ ನಾನು ಯಾವತ್ತೂ ಕೇಳಿಲ್ಲ.

ಆಮೇಲೆ ಲೇಬಲ್ ಬರೆಯುವ ಕೆಲಸ ಬಂತು.

ಹೊರಗಿನ ಡಿಸೈನ್‌ನವರು ಇಂಗ್ಲಿಷಿನಲ್ಲಿ ಬರೆದು, ಅದನ್ನು ಕಂಪ್ಯೂಟರಿನಲ್ಲಿ ಕನ್ನಡ ಮಾಡಿ ಕಳಿಸಿದ್ದರು. ಇಳಕಲ್ ಸೀರೆಯ ಪಕ್ಕ ಹಾಕಲಿಕ್ಕೆ ಬಂದಿದ್ದ ಸಾಲು ಇದು: "ಲೂಪ್ ತಂತ್ರಜ್ಞಾನದ ಮೂಲಕ ವಾರ್ಪ್ ಸಂಯೋಜನೆ." ಇಳಕಲ್ ಸೀರೆ ಉಟ್ಟುಕೊಂಡೇ ನೋಡಲು ಬರುವ ಹೆಂಗಸರ ಮುಂದೆ ಈ ಬೋರ್ಡು! ನಾನು ಸರ್ ಹತ್ತಿರ ಹೋಗಿ, ಇದು ಯಾರಿಗೂ ತಿಳಿಯೋದಿಲ್ಲ ಸರ್, ನಾನು ಬರೀಲಾ ಅಂದೆ. "ಬರಿಯವಾ, ನೋಡೂಣು" ಅಂದರು.

ಮರುದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಇಳಕಲ್‌ಗೆ ಹೋದೆ. ಪರಿಚಯದವರ ಮೂಲಕ ಒಬ್ಬ ಅಜ್ಜಿಯ ಮನೆ. ಒಳಗೆ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅಜ್ಜಿ ಮಗ್ಗದ ಮುಂದೆ ಕೂತಿದ್ದಾರೆ, ಎರಡು ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಎದುರುಬದುರು. ಒಂದು ಮೈಯದು, ಹತ್ತಿ. ಇನ್ನೊಂದು ಸೆರಗಿನದು, ರೇಷ್ಮೆ. ಅಜ್ಜಿ ಹತ್ತಿ ಎಳೆಯೊಂದನ್ನು ಎತ್ತಿ, ರೇಷ್ಮೆ ಎಳೆಯೊಂದರ ಕುಣಿಕೆಯಲ್ಲಿ ತೂರಿಸಿ, ಬೆರಳಿನಲ್ಲಿ ಹೊಸೆದು, ಮುಂದಿನ ಎಳೆಗೆ ಹೋದರು. ಹೀಗೇ ಸೀರೆಯ ಅಗಲಕ್ಕೂ ಒಂದೊಂದೇ ಎಳೆ. ಇದಕ್ಕೆ ಏನು ಅಂತಾರೆ ಅಜ್ಜಿ ಅಂತ ಕೇಳಿದೆ. ತಲೆ ಎತ್ತಲಿಲ್ಲ. "ಕೊಂಡಿ ಅಂತಾರ. ಮತ್ತೇನಂತಾರ?" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲೇ ಬರೆದೆ. "ಈ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸೂ ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಿದ್ದಾರೆ. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಸಾಲು ನೋಡಿ. ಜೋಳದ ತೆನೆ ಕಾಣುತ್ತದೆಯೇ? ಅದು ತೋಪು ತೆನಿ." ಇಷ್ಟೇ. ಇಷ್ಟು ಬರೆಯಲಿಕ್ಕೆ ಒಂದು ದಿನ, ಬಸ್ ಚಾರ್ಜು ನನ್ನದು, ಏಳು ಸಲ ತಿದ್ದಿದ್ದೇನೆ. ನಾಕು ಸಾಲು ಅಂತ ಬರೆದಿದ್ದೀರಲ್ಲಾ ಅಣ್ಣಾ, ಆ ನಾಕು ಸಾಲು ಹೀಗೆ ಬರುತ್ತವೆ. ಅಂಥವು ಮೂವತ್ತೆರಡು ಲೇಬಲ್ ಬರೆದೆ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆ ಹೇಗೆ ಬೇರೆ ಅಂತ ಬರೆದೆ. ನಮ್ಮ ಕಡೆಯ ಜಾನಪದ ನಾಟಕ ದೊಡ್ಡಾಟದ ಕಿರೀಟ, ಭುಜಕೀರ್ತಿ ಎಷ್ಟು ಹಗುರ, ಅದಕ್ಕೆ ಬೇಗಡೆ, ಅಂದರೆ ಮಿನುಗುವ ತೆಳು ಹಾಳೆ, ಯಾಕೆ ಹಚ್ಚುತ್ತಾರೆ, ರಾತ್ರಿ ದೀಪದ ಬೆಳಕಿನಲ್ಲಿ ಅದು ಹೇಗೆ ಹೊಳೆಯುತ್ತದೆ, ಅದನ್ನೂ ಬರೆದೆ.

ಪ್ರದರ್ಶನದ ಉದ್ಘಾಟನೆ ದಿನ ಬಾಗಿಲ ಹತ್ತಿರ ದೊಡ್ಡ ಬೋರ್ಡು. ಪ್ರಾಯೋಜಕರು, ವಿನ್ಯಾಸ, ಫೋಟೋ, ಲೈಟಿಂಗ್, ಮರದ ಕೆಲಸ, ಎಲ್ಲರ ಹೆಸರೂ ಇದೆ. ಇರಲೇಬೇಕು, ಬಡಿಗೇರ ಹೆಸರು ನೋಡಿ ನನಗೆ ಬಹಳ ಖುಷಿ ಆಯಿತು. ಪಠ್ಯ ಅನ್ನುವ ಕಡೆ ಮಾತ್ರ "ಸಂಸ್ಥೆಯ ಬಳಗ". ಮುಖ್ಯ ಅತಿಥಿಗಳು ಭಾಷಣದಲ್ಲಿ ನನ್ನ ಕೊಂಡಿ ಸಾಲನ್ನು ಓದಿ ಚಪ್ಪಾಳೆ ಗಿಟ್ಟಿಸಿದರು. ನಾನು ಹಿಂದೆ ನೀರಿನ ಬಾಟಲಿ ಹಂಚುತ್ತಾ ಇದ್ದೆ. ಸಂಜೆ ಸರ್‌ಗೆ ಕೇಳಿದೆ. "ಏ, ನೀ ಇಂಟರ್ನ್ ಅಲ್ಲೇನವಾ" ಅಂದರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಅಂದರು. ಅದೇ ಜಾಸ್ತಿ ನೋವಾಯಿತು.

ಈಗ ನಮ್ಮ ಊರಿನ ಕಡೆಯದೇ ಮಾತು ಹೇಳುತ್ತೇನೆ. ಪಟ್ಟದಕಲ್ಲಿಗೆ ಎಷ್ಟು ಜನ ಹೋಗಿದ್ದೀರಿ? 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಶಾಲೆ ಟ್ರಿಪ್ಪಿನಲ್ಲಿ ಎಲ್ಲರೂ ಹೋಗಿರುತ್ತೀರಿ. ಅಲ್ಲಿ ವಿರೂಪಾಕ್ಷ ಗುಡಿ, 8ನೇ ಶತಮಾನದ್ದು. ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ರಾಜನ ಹೆಸರು, ರಾಣಿಯ ಹೆಸರು ಅಷ್ಟೇ ಕೆತ್ತಿಸಿ ಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. ಕಟ್ಟಿದ ಗುಂಡನ ಹೆಸರು ಅಲ್ಲಿದೆ. ಅನಿವಾರಿತಾಚಾರಿ ಗುಂಡ. ತ್ರಿಭುವನಾಚಾರಿ ಅಂತ ಬಿರುದು ಕೊಟ್ಟರು ಅಂತಲೂ ಕೆತ್ತಿದ್ದಾರೆ. ಸರ್ವಸಿದ್ಧಿ ಆಚಾರಿಯ ಹೆಸರಿದೆ. ಪಕ್ಕದ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಕಲ್ಲಿನಲ್ಲಿ, ಉಳಿ ಹಿಡಿದು, ಒಂದೊಂದೇ ಅಕ್ಷರ ಕೆತ್ತಬೇಕಿದ್ದ ಕಾಲದಲ್ಲಿ ಜಾಗ ಸಿಕ್ಕಿತು. ಈಗ ಪ್ರಿಂಟ್ ಹೊಡೆಯುವ ಕಾಲದಲ್ಲಿ ಜಾಗ ಇಲ್ಲವಂತೆ!

ಅವರು ಶಿಲ್ಪಿಗಳು, ನೀನು ಬರೆಯುವವಳು ಅಂತೀರಾ? ಬನ್ನಿ ಐಹೊಳೆಗೆ. ಮೇಗುತಿ ಗುಡಿಯ ಶಾಸನ, 634ರದ್ದು. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದದ್ದು. ಬರೆದವನು ರವಿಕೀರ್ತಿ. ಅವನು ಹೆಸರು ಹಾಕಿಕೊಂಡದ್ದಷ್ಟೇ ಅಲ್ಲ, ಕಾಳಿದಾಸ, ಭಾರವಿ ಇಬ್ಬರ ಸಮಕ್ಕೆ ಕೀರ್ತಿ ಪಡೆದವನು ನಾನು ಅಂತ ಅದೇ ಕಲ್ಲಿನ ಮೇಲೆ ಹಾಕಿದ್ದಾನೆ. ಆ ಒಂದು ಸಾಲಿನಿಂದಲೇ ಕಾಳಿದಾಸ 634ಕ್ಕಿಂತ ಮುಂಚಿನವನು ಅಂತ ಇವತ್ತು ಖಚಿತವಾಗಿ ಹೇಳಲು ಆಗುತ್ತದೆ. ನಮ್ಮ ಜಿಲ್ಲೆಯ ಒಬ್ಬ ಬರಹಗಾರ ಧೈರ್ಯವಾಗಿ ತನ್ನ ಹೆಸರು ಹಾಕಿದ, ಅದರಿಂದ ಇಡೀ ದೇಶದ ಸಾಹಿತ್ಯ ಚರಿತ್ರೆಗೆ ಒಂದು ಗಟ್ಟಿ ತಾರೀಖು ಸಿಕ್ಕಿತು. ಇದನ್ನು ಹೆಸರಿನ ಹುಚ್ಚು ಅಂತೀರಾ? ಹೆಸರು ಹಾಕಿ ರೀ!

ಹೆಸರು ಹಾಕದಿದ್ದರೆ ಏನಾಗುತ್ತದೆ ಅಂತ ನೋಡಬೇಕಾದರೆ ಪಕ್ಕದ ವಿಜಯಪುರ ನೋಡಿ. ಎರಡನೇ ಇಬ್ರಾಹಿಂ ಆದಿಲ್ ಶಾ ಕಾಲದಲ್ಲಿ, ಅಂದರೆ 1580ರಿಂದ 1627ರವರೆಗೆ, ಅಲ್ಲಿ ಎಂಥೆಂಥ ಚಿತ್ರ ಬರೆದರು! ಮೈನಾ ಹಕ್ಕಿ ಹಿಡಿದು ನಿಂತ ಒಬ್ಬ ಯೋಗಿನಿಯ ಚಿತ್ರ ಇದೆ, ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇದೆ. ಆ ಹೆಂಗಸಿನ ಉಡುಪು, ತುರುಬು, ಹಿಂದಿನ ಹೂವು ನೋಡಿದರೆ ಕಣ್ಣು ಕೀಳಲಾಗದು. ಬರೆದವನ ಹೆಸರು ಗೊತ್ತಿಲ್ಲ. ಹಾಗಾಗಿ ಕಲಾ ಚರಿತ್ರೆಯವರು ಅವನಿಗೆ ಏನಂತ ಕರೆಯುತ್ತಾರೆ ಗೊತ್ತೇ? ಡಬ್ಲಿನ್ ಪೇಂಟರ್. ಇನ್ನೊಬ್ಬನಿಗೆ ಆಕ್ಸ್‌ಫರ್ಡಿನ ಲೈಬ್ರರಿಯ ಹೆಸರಿಟ್ಟು ಬೋಡ್ಲಿಯನ್ ಪೇಂಟರ್. ವಿಜಯಪುರದಲ್ಲಿ ಕೂತು ಬಣ್ಣ ಅರೆದವನು ಡಬ್ಲಿನ್‌ನವನಾಗಿ ಹೋದ. ಹೊಟ್ಟೆ ಉರಿಯುತ್ತದೆ ನನಗೆ.

ಒಂದು ನಿಮಿಷ. ಮೊದಲ ಸಲ ಬಂದವರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಇಳಕಲ್, ಗುಳೇದಗುಡ್ಡ, ಬಾದಾಮಿ, ಎಲ್ಲಾ ನಮ್ಮ ಕಡೆಯದೇ, ಪ್ರತಿ ಭಾನುವಾರ ಒಂದು ಸಂಚಿಕೆ ಬರುತ್ತದೆ. ನಿಮ್ಮ ಮನೆಯ ಹಳೆ ಸೀರೆಯ ಫೋಟೋ ಕಳಿಸಿ, ಅದರ ದಡಿಯ, ಅಂದರೆ ಅಂಚಿನ ಬಗ್ಗೆ ನಾನು ಹೇಳುತ್ತೇನೆ, ಕಳಿಸಿದವರ ಹೆಸರು ಹೇಳಿಯೇ ಹೇಳುತ್ತೇನೆ.

ಈಗ ಕಾಮೆಂಟಿನ ಬಾಕಿ ಮಾತಿಗೆ ಬರೋಣ. ಒಬ್ಬರು, ಮ್ಯೂಸಿಯಂ ಒಂದೇ ದನಿಯಲ್ಲಿ ಮಾತಾಡಬೇಕು, ಎಲ್ಲಾ ಕಡೆ ಹಾಗೇ ಇದೆ ಅಂದಿದ್ದಾರೆ. ಇರಲಿ, ಗೊತ್ತು. ದನಿ ಅಂದರೆ ಗಂಟಲು ಬೇಕಲ್ಲ? ಆ ಗಂಟಲು ಯಾರದು? ಇನ್ನೊಬ್ಬರು, ಲೇಬಲನ್ನು ಮೂರು ಜನ ತಿದ್ದಿರುತ್ತಾರೆ, ಯಾರ ಹೆಸರು ಹಾಕೋದು ಅಂತ ಕೇಳಿದ್ದಾರೆ. ಮೂವರದ್ದೂ ಹಾಕಿ! ಅದರಲ್ಲಿ ಏನು ಕಷ್ಟ? ನಮ್ಮ ಊರಿನ ಮದುವೆ ಕಾರ್ಡಿನಲ್ಲಿ ಅರವತ್ತು ಜನರ ಹೆಸರು ಹಾಕುತ್ತೇವೆ, ಕೂಸುಗಳ ಹೆಸರೂ ಬಿಡುವುದಿಲ್ಲ.

ಇದರಲ್ಲಿ ನನ್ನ ತಪ್ಪಿನ ಕಥೆಯೂ ಇದೆ, ಅದನ್ನೂ ಕೇಳಿ. ಒಂದು ಸೀರೆಯ ಲೇಬಲಿನಲ್ಲಿ ಗೋಮಿ ದಡಿ ಅನ್ನುವ ಕಡೆ ಗಾಡಿ ದಡಿ ಅಂತ ಬರೆದುಬಿಟ್ಟಿದ್ದೆ, ಎರಡೂ ಬೇರೆ ಬೇರೆ ನಮೂನೆಯ ಅಂಚು. ನೇಕಾರರೊಬ್ಬರು ಬಂದು ನೋಡಿ, ಇದು ತಪ್ಪು ಅಂತ ವಾಚ್‌ಮನ್‌ಗೆ ಹೇಳಿ ಹೋಗಿದ್ದರು. ವಾಚ್‌ಮನ್ ಕಾಕಾ ಯಾರಿಗೆ ಹೇಳಬೇಕು? ಬಳಗಕ್ಕೆ? ಬಳಗದ ಫೋನ್ ನಂಬರ್ ಯಾವುದು? ಹದಿನೈದು ದಿನ ಆ ತಪ್ಪು ಗೋಡೆಯ ಮೇಲೆ ಹಾಗೇ ಇತ್ತು, ಚಹಾ ಕುಡಿಯುವಾಗ ಕಾಕಾ ಸುಮ್ನೆ ಮಾತಿಗೆ ಅಂದಾಗ ನನಗೆ ಗೊತ್ತಾಯಿತು. ಅವತ್ತೇ ಓಡಿ ಹೋಗಿ ತಿದ್ದಿದೆ. ನನ್ನ ಹೆಸರು ಕೆಳಗೆ ಇದ್ದಿದ್ದರೆ ಆ ನೇಕಾರರು ನನ್ನನ್ನೇ ಕರೆದು ಬೈಯುತ್ತಿದ್ದರು. ಬೈಸಿಕೊಳ್ಳಲಿಕ್ಕೂ ಹೆಸರು ಬೇಕು.

ಹೊಟ್ಟೆಪಾಡಿನ ಮಾತೂ ಇದೆ. ಮುಗಿಸಿ ಬಂದ ಮೇಲೆ ಬೆಳಗಾವಿಯಲ್ಲಿ ಒಂದು ಕಡೆ ಬರೆಯುವ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದೆ. ನೀವು ಬರೆದದ್ದು ತೋರಿಸಿ ಅಂದರು. ಮೊಬೈಲಿನಲ್ಲಿ ಲೇಬಲಿನ ಫೋಟೋ ತೋರಿಸಿದೆ. ಮೇಡಂ ದೊಡ್ಡದು ಮಾಡಿ ನೋಡಿ, ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಂದರು. ಸರ್ಟಿಫಿಕೇಟ್ ಕೊಟ್ಟೆ. ಅದರಲ್ಲಿ "ಸಂಗ್ರಹ ವಿಭಾಗದಲ್ಲಿ ನೆರವಾಗಿದ್ದಾರೆ" ಅಂತ ಇದೆ. ನೆರವು! ಮೂವತ್ತೆರಡು ಲೇಬಲ್ ಒಂದು ಪದದಲ್ಲಿ ಮುಗಿದು ಹೋಯಿತು. ಆ ಕೆಲಸ ಸಿಗಲಿಲ್ಲ. ಕಲಿಯಲು ಹೋಗಿದ್ದೆ ಅಂತೀರಲ್ಲಾ, ಕಲಿತದ್ದನ್ನು ತೋರಿಸೋದು ಹೇಗೆ ಹೇಳಿ ನೋಡೋಣ.

ಉತ್ತರ ಇಲ್ಲ ನಿಮ್ಮ ಹತ್ತಿರ. ಅರವತ್ತು ಲೈಕ್ ಇದ್ದರೂ ಇಲ್ಲ.

ಪ್ರದರ್ಶನ ನಡೆಯುತ್ತಿದ್ದಾಗ ಒಂದು ದಿನ ಇನ್ನೊಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದಿದ್ದರು. ಓದಲು ಬರುವುದಿಲ್ಲ ಅವರಿಗೆ. ಹುಡುಗ ಲೇಬಲ್ ಗಟ್ಟಿಯಾಗಿ ಓದಿದ. ಕೊಂಡಿ ಅನ್ನುವ ಪದ ಬಂದ ಕೂಡಲೇ ಅಜ್ಜಿ ಅವನ ಹೆಗಲು ಹಿಡಿದು ನಿಲ್ಲಿಸಿ, "ಹೌದಪಾ, ಕೊಂಡಿ, ನಮ್ಮವ್ವನೂ ಹಿಂಗ ಅಂತಿದ್ಲು, ಇದನ್ಯಾರು ಬರದಾರಪಾ?" ಅಂದರು. ಹುಡುಗ ಮೇಲೆ ಕೆಳಗೆ ಎಲ್ಲಾ ನೋಡಿದ. "ಬರದಿಲ್ಲಬೇ" ಅಂದ. ನಾನು ಮೂರು ಹೆಜ್ಜೆ ದೂರದಲ್ಲಿ ಬ್ರಷ್ ಹಿಡಿದು ಧೂಳು ಒರೆಸುತ್ತಿದ್ದೆ. ನಾನೇ ಅಜ್ಜಿ ಅಂತ ಬಾಯಿಗೆ ಬಂತು. ಅನ್ನಲಿಲ್ಲ. ಇವತ್ತಿಗೂ ಯಾಕೆ ಅನ್ನಲಿಲ್ಲ ಅಂತ ಅನಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಹಾಕಿ. ಸಣ್ಣ ಅಕ್ಷರದಲ್ಲಿ ಹಾಕಿ, ಮೂಲೆಯಲ್ಲಿ ಹಾಕಿ, ಬೋರ್ಡಿನ ಹಿಂದೆ ಹಾಕಿ ತಿರುಗಿಸಿ ನೋಡುತ್ತೇವೆ, ಆದರೆ ಹಾಕಿ. ಹಾಕ್ರಿ, ಹಾಕ್ರಿ, ಹಾಕ್ರಿ. ಇದಕ್ಕಿಂತ ಹೆಚ್ಚು ಕಾರಣ ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ.

ಮುಂದಿನ ಭಾನುವಾರ ಇಳಕಲ್‌ನ ಆ ಅಜ್ಜಿಯ ಮನೆಗೆ ಕ್ಯಾಮೆರಾ ತೆಗೆದುಕೊಂಡು ಹೋಗುತ್ತಿದ್ದೇನೆ. ಫೋನಿನಲ್ಲಿ ಕೇಳಿದ್ದೇನೆ, ಬರ್ರಿ ಅಂದಿದ್ದಾರೆ. ಅವರ ಹೆಸರು ಅವರೇ ಹೇಳುತ್ತಾರೆ, ಮಗ್ಗದ ಮುಂದೆ ಕೂತು. ಈ ವಿಡಿಯೋದಲ್ಲಿ ಮೈಕ್ ಹಿಡಿದು ಕೂತವನು ನನ್ನ ತಮ್ಮ, ಕೈ ನೋಯುತ್ತಿದೆ ಅಂತ ಕಣ್ಸನ್ನೆ ಮಾಡುತ್ತಿದ್ದಾನೆ. ಸೀರೆಯ ಫೋಟೋ ಕೊಟ್ಟವರು ನಮ್ಮ ಚಿಕ್ಕಮ್ಮ. ಎಡಿಟಿಂಗ್ ನನ್ನ ಗೆಳತಿ. ಮೂವರ ಹೆಸರೂ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ ಇದೆ, ಅದನ್ನು ಒತ್ತಿ ನೋಡಿ.